ಕುದುರೆಮುಖಕ್ಕೆ ಯಾವಾಗ ಹೋಗುವುದು?

ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಬಾಕಿ ಇರುವಾಗಲೇ ನನಗೆ ಸಂಬಳವಿಲ್ಲದ ಇನ್ನೊಂದು ನೌಕರಿ ಗಂಟುಬಿದ್ದಿದೆ. ಕಳಸದ ಕಡೆ ಒಂಬತ್ತು ವರ್ಷ ಟೀಚರಾಗಿದ್ದೆ ಎಂಬ ಒಂದೇ ಅರ್ಹತೆಯ ಮೇಲೆ ನೆಂಟರು, ಸಹೋದ್ಯೋಗಿಗಳು, ಅವರ ಮಕ್ಕಳು, ಆ ಮಕ್ಕಳ ಸ್ನೇಹಿತರು ಎಲ್ಲರೂ ನನ್ನನ್ನೇ ಕೇಳುತ್ತಾರೆ: “ಕುದುರೆಮುಖಕ್ಕೆ ಹೋಗೋಣ ಅಂತಿದ್ದೇವೆ, ಯಾವ ಕಾಲ ಒಳ್ಳೆಯದು?” ಮದುವೆಗೆ ಮುಹೂರ್ತ ಕೇಳಿದ ಹಾಗೆ. ಜೋಯಿಸರಿಗಾದರೆ ಎಲೆ ಅಡಿಕೆ, ದಕ್ಷಿಣೆ ಉಂಟು. ನನಗೆ ಸಿಗುವುದು ಹೋಗಿ ಬಂದವರ ಫೋಟೋಗಳು ಮತ್ತು ದೂರುಗಳು.

ದೂರುಗಳೇ ಹೆಚ್ಚು. ನನ್ನ ಅಣ್ಣನ ಮಗ ಜುಲೈ ತಿಂಗಳಲ್ಲಿ ಸ್ನೇಹಿತರ ಜೊತೆ ಹೋಗಿ ಬಂದು, “ಏನೂ ಕಾಣಲಿಲ್ಲ ಅತ್ತೆ, ಬರೀ ಬಿಳಿ” ಎಂದ. ತೋರಿಸಿದ ಫೋಟೋದಲ್ಲಿ ಸುಣ್ಣ ಬಳಿದ ಗೋಡೆಯ ಮುಂದೆ ನಿಂತಂತೆ ಐದು ರೈನ್‌ಕೋಟುಗಳು ನಿಂತಿದ್ದವು. ಅವುಗಳ ಒಳಗೆ ಯಾರಿದ್ದರೋ ಅವರವರಿಗೇ ಗೊತ್ತು. ಇನ್ನೊಬ್ಬರು ಫೆಬ್ರವರಿಯಲ್ಲಿ ಹೋಗಿ, “ಎಲ್ಲ ಒಣಹುಲ್ಲು, ಇದಕ್ಕಾ ನೀವು ಅಷ್ಟು ಹೊಗಳಿದ್ದು?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಏಪ್ರಿಲಿನಲ್ಲಿ ಹೊರಟವರನ್ನು ಹತ್ತಲು ಬಿಡಲೇ ಇಲ್ಲ. ಅವರು ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಊಟ ಮಾಡಿ ವಾಪಸು ಬಂದರು. ನನ್ನನ್ನು ಬೈಯದಿದ್ದವರು ಅವರೊಬ್ಬರೇ.

ಆ ಬೆಟ್ಟದ ಸ್ವಭಾವವೇ ಹಾಗೆ. ಎತ್ತರ ಸುಮಾರು 1890 ಮೀಟರ್. ಅದಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಕರಾವಳಿಯ ತಗ್ಗು ನೆಲ ಬಿಟ್ಟರೆ ಅಡ್ಡ ಬರುವಂಥದ್ದು ಏನೂ ಇಲ್ಲ. ಜೂನಿನಲ್ಲಿ ಕಡಲ ಮೇಲಿಂದ ನೀರು ಹೊತ್ತು ಬರುವ ಗಾಳಿಗೆ ಮೊದಲು ಎದುರಾಗುವುದು ಈ ಗೋಡೆ. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತದ್ದನ್ನು ಅಲ್ಲೇ ಸುರಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ನಮ್ಮ ಕಡೂರಿನಲ್ಲಿ 600 ಮಿಲಿಮೀಟರ್ ಬಂದರೆ ಪುಣ್ಯ. ನಮ್ಮಲ್ಲಿ ಮಳೆ ಬಂದರೆ ಮನೆಮಂದಿಯೆಲ್ಲ ಜಗಲಿಗೆ ಬಂದು ನೋಡುತ್ತಿದ್ದೆವು. 1996ರಲ್ಲಿ ಕಳಸ ಸೀಮೆಯ ಒಂದು ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಟೀಚರಾಗಿ ಹೋಗಿ ಸೇರಿಕೊಂಡಾಗ, ಮಳೆಯನ್ನು ನೋಡುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಅಲ್ಲಿಯವರಿಗೆ ತಿಳಿದಿತ್ತು. ಏಪ್ರಿಲ್ ಮೇ ತಿಂಗಳಲ್ಲೇ ಸೌದೆ ಒಟ್ಟುತ್ತಿದ್ದರು, ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಉಪ್ಪು ಮೆಣಸಿನಕಾಯಿ ತಂದಿಡುತ್ತಿದ್ದರು. ಆಮೇಲೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎನ್ನುವ ಮಾತು ನನಗೆ ಕಡೂರಿನಲ್ಲೂ ಗೊತ್ತಿತ್ತು, ಆದರೆ ಅದು ಗಾದೆ ಎಂದುಕೊಂಡಿದ್ದೆ. ಕಳಸದಲ್ಲಿ ಅದು ವರದಿ.

ಯಾವ ಕಾಲ ಒಳ್ಳೆಯದೆಂದು ಕೇಳುವವರಿಗೆ ನಾನು ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಹೋದರೆ ಹಸಿರು ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ. ರಸ್ತೆ ಬದಿಯ ಒಂದೊಂದು ಬಂಡೆಯೂ ಜಲಪಾತವಾಗಿರುತ್ತದೆ. ಗಂಗಾಮೂಲದ ಸುತ್ತ ಹುಟ್ಟುವ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಮೈದುಂಬಿ ಹರಿಯುವ ಕಾಲ. ಮೊದಲಿನವರಿಬ್ಬರು ಮೂಡಲಿಗೆ ಹರಿದು, ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತಾರೆ. ಮೂರನೆಯವಳು ಘಟ್ಟ ಇಳಿದು ಮಂಗಳೂರಿನ ಬಳಿ ಕಡಲು ಸೇರುತ್ತಾಳೆ. ತರಗತಿಯಲ್ಲಿ ಇದನ್ನು ಹೇಳುವಾಗ ಒಂದೇ ತವರಿನ ಹೆಣ್ಣುಮಕ್ಕಳನ್ನು ಬೇರೆ ಬೇರೆ ದಿಕ್ಕಿಗೆ ಕೊಟ್ಟ ಹಾಗೆ ಎಂದರೆ ಮಕ್ಕಳು ಮರೆಯುತ್ತಿರಲಿಲ್ಲ. ಇಂಬಳಗಳ ವಿಷಯ ಬೇರೆ ಹೇಳಬೇಕಾಗಿಲ್ಲ. ಸುಣ್ಣ ಮತ್ತು ಹೊಗೆಸೊಪ್ಪು ಕಾಲಿಗೆ ಹಚ್ಚಿಕೊಂಡು ಹೋಗಿ, ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿ ಎಂದು ಹೇಳುತ್ತೇನೆ. ಹೇಳಿದರೂ ಕಚ್ಚುತ್ತವೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಚಳಿ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಯ ಮೇಲೆ ಚುರುಕು ಬಿಸಿಲು. ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನಡುನಡುವೆ ಬೆಟ್ಟದ ಮಡಿಕೆಗಳಲ್ಲಿ ಶೋಲಾ ಕಾಡು ಮಾತ್ರ ಕಪ್ಪು ಹಸಿರು. ಆ ಕಾಡಿನ ಬುಡದ ಮಣ್ಣು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತದೆ. ಸಂಸಾರಸ್ಥ ಹೆಂಗಸು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಟ್ಟ ಹಾಗೆ. ಹಸಿರು ಮಾತ್ರ ಚೆಂದ ಎಂದುಕೊಂಡವರಿಗೆ ಈ ಕಾಲ ರುಚಿಸದು. ಮಾರ್ಚಿನ ಮೇಲೆ ಮಂಜು ಹೋಗಿ ಮಬ್ಬು ಬರುತ್ತದೆ. ಒಂದು ಕಿಡಿ ಬಿದ್ದರೂ ಗುಡ್ಡದ ಗುಡ್ಡವೇ ಹೊತ್ತಿಕೊಳ್ಳುವಷ್ಟು ಹುಲ್ಲು ಒಣಗಿರುತ್ತದೆ. ಅದಕ್ಕೇ ಅರಣ್ಯ ಇಲಾಖೆಯವರು ಬೇಸಿಗೆಯಲ್ಲಿ ಚಾರಣ ನಿಲ್ಲಿಸುತ್ತಾರೆ. ಆ ಕಾಲದಲ್ಲಿ ಒಂದು ಹೂಮಳೆ ಬಿದ್ದರೆ ಕೆಳಗಿನ ಕಾಫಿತೋಟಗಳು ಬೆಳ್ಳಗೆ ಅರಳಿ ಮಲ್ಲಿಗೆಯಂಥ ಪರಿಮಳ ಬರುತ್ತದೆ. ಹತ್ತಲಾಗದಿದ್ದವರಿಗೆ ಅದೇ ಸಮಾಧಾನ.

ಉಳಿದದ್ದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತವೆ. ಹುಲ್ಲು ಇನ್ನೂ ಹಸಿರು, ಹಳ್ಳಗಳಲ್ಲಿ ನೀರು ತಿಳಿ, ಆಕಾಶ ತೊಳೆದಿಟ್ಟ ಹಾಗೆ. ತುದಿಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಘಟ್ಟದ ಗೋಡೆ ಕಾಲಬುಡದಿಂದಲೇ ಇಳಿದು, ಕೆಳಗೆ ಮೋಡದ ಹಿಂಜಿದ ಹತ್ತಿ. ಯಾರು ಕೇಳಿದರೂ ನಾನು ಕೊನೆಗೆ ಹೇಳುವುದು ಇದೇ: “ದಸರೆ ಕಳೆದ ಮೇಲೆ ಹೋಗಿ.”

ಹೀಗೆ ಹೇಳುವಾಗೆಲ್ಲ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತದೆ. ಆ ಮುಳ್ಳಿನ ಕತೆ ಹೇಳಬೇಕೆಂದೇ ಇಷ್ಟೆಲ್ಲ ಪೀಠಿಕೆ ಹಾಕಿದೆ.

ಶಾಲೆಯಲ್ಲಿ ಕಾಲ ತಿಳಿಯಲು ನಮಗೆ ಪಂಚಾಂಗ ಬೇಕಾಗಿರಲಿಲ್ಲ, ಹಾಜರಿ ಪುಸ್ತಕ ಸಾಕಿತ್ತು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಲೈನುಮನೆಗಳ ಮಕ್ಕಳ ಹೆಸರಿನ ಮುಂದೆ ‘ಗೈ’ ಬೀಳುತ್ತಿತ್ತು. ಜೂನ್, ಜುಲೈ, ಆಗಸ್ಟಿನಲ್ಲಿ ಒಳಹಳ್ಳಿಗಳ ಮಕ್ಕಳ ಹೆಸರಿನ ಮುಂದೆ. ಒಳಹಳ್ಳಿ ಎಂದರೆ ರಾಷ್ಟ್ರೀಯ ಉದ್ಯಾನದೊಳಗೆ ಉಳಿದುಕೊಂಡಿದ್ದ ಮನೆಗಳು. ಸಿಂಗಳೀಕಗಳಿರುವ ಆ ಕಾಡನ್ನು ಉಳಿಸಬೇಕೆಂದು 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಜಾಗವನ್ನು ಉದ್ಯಾನವೆಂದು ಘೋಷಿಸಿದಾಗ ಆ ಮನೆಗಳೂ, ಗದ್ದೆಗಳೂ ಗಡಿಯ ಒಳಗೆ ಬಂದವು. ಅಲ್ಲಿಂದ ಒಬ್ಬಳು ಹುಡುಗಿ ನಮ್ಮ ಶಾಲೆಗೆ ಬರುತ್ತಿದ್ದಳು. ಏಳು ಕಿಲೋಮೀಟರ್ ನಡಿಗೆ, ನಡುವೆ ಒಂದು ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರದ ಕಾಲುಸಂಕ.

1999ರಲ್ಲಿ ಅವಳು ಎಸ್ಸೆಸ್ಸೆಲ್ಸಿ. ಜುಲೈ ಹೊತ್ತಿಗೆ ಅವಳ ಹೆಸರಿನ ಮುಂದೆ ‘ಗೈ’ಗಳ ಸಾಲು. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಒಂಬತ್ತು ದಿನ ತಪ್ಪಿಸಿ ಬಂದವಳನ್ನು “ಯಾಕೆ?” ಎಂದು ಕೇಳಿದೆ. “ಮಳೆ ಟೀಚರೇ” ಎಂದಳು. ಕಡೂರಿನವಳಿಗೆ ಮಳೆ ಒಂದು ಕಾರಣವೆಂದು ಅನ್ನಿಸಲೇ ಇಲ್ಲ. “ಮಳೆ ನಿನ್ನ ಮನೆಗೊಂದಕ್ಕೇ ಬರುತ್ತದೆಯೇ? ಇನ್ನೊಂದು ದಿನ ತಪ್ಪಿಸಿದರೆ ಪರೀಕ್ಷೆಯ ಆಸೆ ಬಿಡು” ಎಂದು ಹೇಳಿ, ಅವಳ ನೋಟ್ಸಿನ ಮೇಲೆ ಕೆಂಪು ಶಾಯಿಯಲ್ಲೂ ಅದನ್ನೇ ಬರೆದೆ. ತಂದೆಯ ಸಹಿ ಮಾಡಿಸಿ ತಾ ಎಂದೆ.

ಮರುವಾರ ಪುಷ್ಯ ಮಳೆ ಹಿಡಿಯಿತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಪಾಠ ಕೇಳಿಸದು, ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕು. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಆ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಕೊಡೆಯಿಲ್ಲ, ಚೀಲವಿಲ್ಲ, ತಲೆಯಿಂದ ಕಾಲಿನವರೆಗೆ ನೀರು. ನಾನು ಅಂದು ಬರೆಯುತ್ತಿದ್ದದ್ದು ನೈಋತ್ಯ ಮಾನ್ಸೂನ್ ಮಾರುತಗಳ ಬಗ್ಗೆ. “ಈಗ ಬೆಳಗಾಯಿತೇ? ಪುಸ್ತಕ ಎಲ್ಲಿ?” ಎಂದೆ. ಅವಳು ಮಾತಾಡಲಿಲ್ಲ. ಪಾಠ ಮುಗಿಯುವವರೆಗೂ ಬಾಗಿಲಲ್ಲೇ ನಿಲ್ಲಿಸಿದೆ. ಪಶ್ಚಿಮ ಘಟ್ಟಗಳಲ್ಲಿ ಮಳೆ ಏಕೆ ಹೆಚ್ಚು ಎಂಬುದಕ್ಕೆ ಮೂರು ಕಾರಣಗಳನ್ನು ಸಂಖ್ಯೆ ಹಾಕಿ ಬರೆದು ಮುಗಿಸಿದೆ.

ಸಂಜೆ ಅದೇ ದಿಕ್ಕಿನ ಇನ್ನೊಬ್ಬಳು ಹುಡುಗಿ ಮೆಲ್ಲಗೆ ಬಂದು ಹೇಳಿದಳು. ಸಂಕ ಕೊಚ್ಚಿಹೋಗಿ ಎರಡು ದಿನವಾಗಿತ್ತಂತೆ. ನನ್ನ ಕೆಂಪು ಶಾಯಿಯನ್ನು ಓದಿದ ಅಪ್ಪ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ದಡದ ಮರಕ್ಕೆ ಬಿಗಿದು, ತಾನು ಮುಂದೆ ನಿಂತು ಹಳ್ಳ ದಾಟಿಸಿದನಂತೆ. ನಡುವೆ ಅವಳ ಕಾಲು ಜಾರಿತು. ಹಗ್ಗ ಅವಳನ್ನು ಉಳಿಸಿತು, ಚೀಲ ಹೋಯಿತು. ಚೀಲದಲ್ಲಿ ನನ್ನ ಕೆಂಪು ಶಾಯಿಯೂ, ಅದರ ಕೆಳಗೆ ಅಪ್ಪನ ಸಹಿಯೂ ಇದ್ದವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬರಬೇಕೆಂದು ನಿಶ್ಚಯಿಸಿದೆ. ಬೆಳಗಾಯಿತು. ಮಳೆ ಹಾಗೇ ಇತ್ತು. ಇಂಬಳ, ಜಾರು, ದಾರಿ ಗೊತ್ತಿಲ್ಲ. ಸ್ವಲ್ಪ ಮಳೆ ಕಡಿಮೆಯಾಗಲಿ ಎಂದುಕೊಂಡೆ. ಆಶ್ಲೇಷಾ ಕಳೆಯಲಿ ಎಂದುಕೊಂಡೆ. ಆಮೇಲೆ ಕಿರುಪರೀಕ್ಷೆಯ ಪತ್ರಿಕೆಗಳು. ನಾನು ಹೋದದ್ದು ದಸರಾ ರಜೆಯಲ್ಲಿ. ಹದಿನೈದು ವರ್ಷದ ಹುಡುಗಿಯನ್ನು ಜುಲೈನಲ್ಲಿ ಹಳ್ಳಕ್ಕೆ ಇಳಿಸಿದವಳು, ನಾನು ಹೋಗಲು ಒಳ್ಳೆಯ ಕಾಲ ಬರಲಿ ಎಂದು ಕಾದು ಕೂತೆ.

ಒಳ್ಳೆಯ ಕಾಲ ಬಂತು. ಅಂಥ ಚೆಂದದ ದಾರಿಯನ್ನು ನಾನು ಅದುವರೆಗೆ ನಡೆದಿರಲಿಲ್ಲ. ಗುಡ್ಡಗಳ ಮೇಲೆ ಬಿಸಿಲು, ಮೋಡದ ನೆರಳು ಹುಲ್ಲಿನ ಮೇಲೆ ಓಡುವುದು, ಎಲ್ಲೋ ಮಲಬಾರ್ ಅಳಿಲಿನ ಕೂಗು. ಹಳ್ಳ ಸಿಕ್ಕಿತು. ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ, ಪಾದದ ಗಂಟು ಮುಳುಗುವಷ್ಟು ನೀರು. ಸಣ್ಣ ಮೀನುಗಳು ಬಂದು ಬೆರಳಿಗೆ ಮುತ್ತುತ್ತಿದ್ದವು. ನಿಜ ಹೇಳಬೇಕೆಂದರೆ ಆಗ ನನ್ನ ಮನಸ್ಸಿಗೆ ಬಂದದ್ದು, “ಇಷ್ಟು ನೀರಿಗೆ ಅಷ್ಟು ರಂಪವೇ?” ಎಂಬ ಮಾತು. ಮೂರು ತಿಂಗಳು ನೊಂದದ್ದು ಸ್ವಲ್ಪ ಹೆಚ್ಚಾಯಿತೇನೋ ಎಂದು ಹಗುರವಾದೆ.

ಮನೆಯಲ್ಲಿ ಬೆಲ್ಲದ ಕಾಫಿ, ಹಲಸಿನ ಹಪ್ಪಳ ಕೊಟ್ಟರು. ಹುಡುಗಿಯ ತಾಯಿ ನಾಚಿಕೊಂಡು ಬಾಗಿಲ ಹಿಂದೆಯೇ ನಿಂತಿದ್ದರು. ಹೇಳಬೇಕೆಂದು ಹೋದ ಮಾತು ಬಾಯಿಗೆ ಬರಲಿಲ್ಲ. “ಚೆನ್ನಾಗಿ ಓದುತ್ತಾಳೆ, ತಪ್ಪಿಸದೆ ಕಳಿಸಿ” ಎಂದೆ. ವಾಪಸು ಬರುವಾಗ ತಂದೆ ಹಳ್ಳದವರೆಗೆ ಬಂದರು. ದಡದಲ್ಲೊಂದು ನೇರಳೆ ಮರ. ಅವರು ಕೈಯಲ್ಲಿದ್ದ ಕತ್ತಿಯ ತುದಿಯನ್ನು ಮೇಲಕ್ಕೆತ್ತಿ ತೋರಿಸಿದರು. ಕೊಂಬೆಯ ಕವಲಿನಲ್ಲಿ ಒಣಹುಲ್ಲು, ಕಡ್ಡಿ, ಕಸ ಹಕ್ಕಿಗೂಡಿನಂತೆ ಸಿಕ್ಕಿಕೊಂಡಿತ್ತು. ನನ್ನ ತಲೆಯಿಂದ ಒಂದು ಮೊಳ ಎತ್ತರದಲ್ಲಿ.

“ಪುಷ್ಯದಲ್ಲಿ ನೀರು ಅಲ್ಲಿಗಂಟ ಬಂದಿತ್ತು ಟೀಚರಮ್ಮ. ಹುಡುಗಿ ದಾಟಿದ್ದು ಅದು ಇಳಿದ ಮೇಲೆ” ಎಂದರು. ದೂರುವ ದನಿಯೇ ಇರಲಿಲ್ಲ. ಊರಿಗೆ ಬಂದವರಿಗೆ ಏನಾದರೂ ತೋರಿಸಬೇಕಲ್ಲ ಎಂದು ತೋರಿಸಿದ ಹಾಗಿತ್ತು. ಆಗಲೂ ನಾನು ತಪ್ಪಾಯಿತು ಎನ್ನಲಿಲ್ಲ. ಟೀಚರುಗಳಿಗೆ ಆ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸಿ ಅಭ್ಯಾಸ.

ಹುಡುಗಿ ಎರಡನೆಯ ದರ್ಜೆಯಲ್ಲಿ ಪಾಸಾದಳು. ನನಗೆ 2005ರಲ್ಲಿ ಬಯಲುಸೀಮೆಗೆ ವರ್ಗವಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಅದೇ ವರ್ಷದ ಕೊನೆಗೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯೂ ನಿಂತಿತು, ದೊಡ್ಡ ಟೌನ್‌ಶಿಪ್ ಖಾಲಿಯಾಯಿತು. ಒಳಹಳ್ಳಿಗಳ ಕೆಲವು ಕುಟುಂಬಗಳು ಪರಿಹಾರ ಪಡೆದು ಉದ್ಯಾನದ ಹೊರಗೆ ಹೋದವು. ಆ ಹುಡುಗಿಯ ಮನೆಯವರೂ ಹಾಗೆ ಹೋದರೆಂದು ಕೇಳಿದ್ದೆ.

2022ರ ಆಗಸ್ಟಿನಲ್ಲಿ ಒಂದು ಫೋನು ಬಂತು. ಅವಳೇ. ಯಾರಿಂದಲೋ ನಂಬರು ಪಡೆದಿದ್ದಳು. ಮಂಗಳೂರಿನಲ್ಲಿ ಮನೆ, ಇಬ್ಬರು ಮಕ್ಕಳು. ಕ್ಷೇಮಸಮಾಚಾರ ಮುಗಿದ ಮೇಲೆ ಕೇಳಿದಳು: “ಟೀಚರೇ, ಮಕ್ಕಳಿಗೆ ನಮ್ಮ ಹಳೇ ಮನೆ ಜಾಗ ತೋರಿಸ್ಬೇಕು. ಯಾವ ಟೈಮಲ್ಲಿ ಹೋದ್ರೆ ಒಳ್ಳೇದು?”

ಎಲ್ಲರಿಗೂ ಪಟಪಟನೆ ಹೇಳುವ ಉತ್ತರ ನನ್ನ ಗಂಟಲಲ್ಲೇ ನಿಂತಿತು. “ನಿನಗೆ ನಾನು ಹೇಳಬೇಕೇನೇ?” ಎಂದೆ.

“ಅಲ್ಲಿದ್ದಾಗ ಒಳ್ಳೆ ಟೈಮು ಕೆಟ್ಟ ಟೈಮು ಅಂತ ಎಲ್ಲಿತ್ತು ಟೀಚರೇ? ಬಂದ ಮಳೇಲಿ ಇರ್ತಿದ್ವಿ. ಈಗ ಮಕ್ಕಳ ರಜೆ ನೋಡ್ಬೇಕು, ಪರ್ಮಿಷನ್ ನೋಡ್ಬೇಕು” ಎಂದು ನಕ್ಕಳು.

ದಸರಾ ರಜೆಯಲ್ಲಿ ಹೋದೆವು, ನಾನೂ ಜೊತೆಗೆ. ಸಂಸೆಯವರೆಗೆ ಕಾರು, ಮುಂದೆ ಜೀಪು. ಬೆಟ್ಟ ಹತ್ತಿ ಇಳಿಯಲು ಸುಮಾರು 20 ಕಿಲೋಮೀಟರ್. ಸಂಜೆಯೊಳಗೆ ಇಳಿದುಬಿಡಬೇಕು, ರಾತ್ರಿ ಉಳಿಯುವ ಹಾಗಿಲ್ಲ. ನನ್ನ ಮಂಡಿಗಳು ಅದಕ್ಕೆ ಒಪ್ಪುವಂತಿರಲಿಲ್ಲ, ಅವಳಿಗೂ ತುದಿ ಬೇಕಾಗಿರಲಿಲ್ಲ. ಇಲಾಖೆಯ ಅನುಮತಿ ಪಡೆದು, ಶುಲ್ಕ ಕಟ್ಟಿ, ಒಬ್ಬ ಗೈಡಿನ ಜೊತೆ ಹಳೆಯ ದಾರಿ ಹಿಡಿದೆವು. ತಾನು ಹುಟ್ಟಿದ ಜಾಗಕ್ಕೆ ಹೋಗಲು ಅವಳು ರಸೀದಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

ಮನೆಯಿದ್ದಲ್ಲಿ ಮೆಟ್ಟಿಲುಗಲ್ಲು, ತುಳಸಿಕಟ್ಟೆಯ ಅರ್ಧ, ಎರಡು ಅಡಿಕೆ ಮರ ಉಳಿದಿದ್ದವು. ಗದ್ದೆಯಲ್ಲಿ ಎದೆಯೆತ್ತರ ಹುಲ್ಲು, ಅದರೊಳಗೆ ಕಾಟಿಯ ಹಸಿ ಸಗಣಿ. ಅವಳು ಅತ್ತುಬಿಡುತ್ತಾಳೇನೋ ಎಂದು ನನಗೆ ದಿಗಿಲಾಗಿತ್ತು. ಅವಳು ಅಳಲಿಲ್ಲ. “ಅಪ್ಪ ಕಾಟಿ ಓಡ್ಸೋಕೆ ರಾತ್ರಿಯಿಡೀ ತಮಟೆ ಬಡೀತಿದ್ರು. ಈಗ ಅವಕ್ಕೂ ನಿದ್ದೆ, ಅಪ್ಪನಿಗೂ ನಿದ್ದೆ” ಎಂದಳು.

ಬರುವಾಗ ಹಳ್ಳದಲ್ಲಿ ಕಾಲಿಟ್ಟು ಕೂತೆವು. ನೀರು ಪಾದದ ಗಂಟಿನವರೆಗೆ, ಮೀನುಗಳು ಹಾಗೇ. ಅವಳ ಹತ್ತು ವರ್ಷದ ಮಗ ಒಂದೇ ನೆಗೆತಕ್ಕೆ ಆಚೆ ದಡಕ್ಕೆ ಹಾರಿ, “ಅಮ್ಮಾ, ಇಷ್ಟು ಚಿಕ್ಕ ಹಳ್ಳಕ್ಕೆ ಹೆದರಿ ಸ್ಕೂಲಿಗೆ ರಜ ಹಾಕ್ತಿದ್ಯಾ?” ಎಂದು ನಗತೊಡಗಿದ. ಇಪ್ಪತ್ತಮೂರು ವರ್ಷ ಹಿಂದೆ ನನ್ನ ಮನಸ್ಸಿನಲ್ಲಿ ಬಂದ ಮಾತೇ ಅದು. ನಾನು ಎದ್ದು ನೇರಳೆ ಮರ ಹುಡುಕಿದೆ. ಇತ್ತು, ದಪ್ಪವಾಗಿತ್ತು. ಹುಡುಗನನ್ನು ಕರೆದು ಮೇಲೆ ನೋಡು ಎಂದೆ. ಆ ವರ್ಷದ ಹುಲ್ಲೂ ಕಡ್ಡಿಯೂ ಕವಲಿನಲ್ಲಿ ಸಿಕ್ಕಿಕೊಂಡಿದ್ದವು. “ಅದು ಹಕ್ಕಿಗೂಡಲ್ಲ, ಹಳ್ಳ ಇಟ್ಟ ಗುರುತು. ನಿನ್ನಮ್ಮನ ಸೊಂಟಕ್ಕೆ ಹಗ್ಗ ಕಟ್ಟಿದ್ದು ಇದೇ ಮರದಿಂದ” ಎಂದೆ. ಅವನು ಕೈ ಎತ್ತಿ ನೋಡಿದ, ಎಟುಕಲಿಲ್ಲ. ನಗು ನಿಂತಿತು.

ಆಗ ಅವಳ ಕಡೆ ತಿರುಗಿ, ಇಷ್ಟು ವರ್ಷ ಹೇಳದೆ ಉಳಿದಿದ್ದ ಮಾತನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ನೀರಿನಲ್ಲಿ ಕಾಲಾಡಿಸುತ್ತಿದ್ದು, “ಅವತ್ತು ಬಾಗಿಲಲ್ಲಿ ನಿಲ್ಸಿದ್ದೇ ಒಳ್ಳೇದಾಯ್ತು ಟೀಚರೇ. ಬಟ್ಟೆ ನೀರೆಲ್ಲ ಹೊರಗೇ ಇಳೀತು. ಒಳಗೆ ಬಂದಿದ್ರೆ ಬೆಂಚು ಒದ್ದೆಯಾಗ್ತಿತ್ತು” ಎಂದಳು. ಅದು ಕ್ಷಮೆಯೋ, ತಮಾಷೆಯೋ, ಎರಡೂ ಅಲ್ಲವೋ ನನಗೆ ಇಂದಿಗೂ ಬಗೆಹರಿದಿಲ್ಲ. ಕೇಳುವ ಧೈರ್ಯವೂ ಇಲ್ಲ.

ಈಗಲೂ ಜನ ಕೇಳುತ್ತಾರೆ. ನಾನು ಈಗಲೂ ದಸರೆ ಕಳೆದ ಮೇಲೆ ಹೋಗಿ ಎಂದೇ ಹೇಳುತ್ತೇನೆ. ಮೊದಲೇ ಅನುಮತಿ ಮಾಡಿಸಿಕೊಳ್ಳಿ, ಶನಿವಾರ ಭಾನುವಾರ ಬೇಡ, ಪ್ಲಾಸ್ಟಿಕ್ ಒಯ್ಯಬೇಡಿ, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ ಎನ್ನುತ್ತೇನೆ. ಇತ್ತೀಚೆಗೆ ಅದರ ಜೊತೆ ಇನ್ನೊಂದನ್ನು ಸೇರಿಸಿದ್ದೇನೆ: ಹಳ್ಳ ದಾಟುವಾಗ ಒಂದು ಗಳಿಗೆ ನಿಂತು ದಡದ ಮರದ ಕೊಂಬೆಗಳನ್ನು ನೋಡಿ. ಕೇಳಿದವರು ಹಕ್ಕಿ ನೋಡಲು ಹೇಳುತ್ತಿದ್ದೇನೆಂದು ತಿಳಿದು ತಲೆಯಾಡಿಸುತ್ತಾರೆ. ನೋಡಿ ಬಂದ ಮೇಲೆ ಯಾರಾದರೂ “ಕೊಂಬೆಯಲ್ಲಿ ಹುಲ್ಲು ಹೇಗೆ ಬಂತು ಟೀಚರ್?” ಎಂದು ಕೇಳಿದರೆ, ಅವರನ್ನು ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ.